ಅವ್ವ ಬಟನ್ ಒತ್ತಿದ್ರೆ ಅಪ್ಪನ ಪಾದ ಮೇಲೇಳುತ್ತೆ: ಲಕ್ವ ಹೊಡೆದ ಕಾಲಿಗೆ ನಡಿಗೆ ಕಲಿಸೋ ಕರೆಂಟ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ನಾನು ಫಿಸಿಯೊಥೆರಪಿಸ್ಟ್. ಮದ್ದೂರಿನಲ್ಲಿ ನಂದೊಂದು ಚಿಕ್ಕ ಕ್ಲಿನಿಕ್ ಇದೆ. ಬೆಳಿಗ್ಗೆ ಹೊತ್ತು ಸ್ಕೂಟರ್ ತಗೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ, ಮನೆಯಿಂದ ಆಚೆ ಬರೋಕಾಗದ ರೋಗಿಗಳನ್ನ ನೋಡ್ತೀನಿ. ಅವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಆದವರು. ನಮ್ಮ ಕಡೆ ‘ಲಕ್ವ ಹೊಡೀತು’ ಅಂತಾರಲ್ಲ, ಅದು.

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಮೆಷಿನ್ ಬಗ್ಗೆ. ಆದ್ರೆ ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪನ್ನ ಹೇಳ್ಬೇಕು.

ಎರಡೂವರೆ ವರ್ಷದ ಹಿಂದಿನ ಮಾತು. ಕಬ್ಬು ಕಡಿಯೋ ಕಾಲ. ರಾತ್ರಿ ಒಂಬತ್ತೂವರೆಗೆ ಮಳವಳ್ಳಿ ಹತ್ತಿರದ ನಮ್ಮೂರಿಂದ ಅಪ್ಪ ಫೋನ್ ಮಾಡಿದ್ರು. “ಎಡಗೈ ಯಾಕೋ ಜೋಮು ಹಿಡ್ದಂಗದೆ ಕಣವ್ವಾ, ಲೋಟ ಕೈಲಿ ನಿಲ್ತಿಲ್ಲ” ಅಂದ್ರು. ದಿನವೆಲ್ಲ ಕಬ್ಬಿನ ಹೊರೆ ಹೊತ್ತಿದ್ದಾರೆ, ಕತ್ತಿನ ನರ ಹಿಡ್ಕೊಂಡಿರಬೇಕು ಅಂದ್ಕೊಂಡೆ. “ಮಲಕ್ಕೊ ಅಪ್ಪ, ಬೆಳಿಗ್ಗೆ ಬಂದು ನೋಡ್ತೀನಿ” ಅಂದೆ. ಬೆಳಿಗ್ಗೆ ನಾನು ಹೋಗೋ ಹೊತ್ತಿಗೆ ಬಾಯಿ ಸೊಟ್ಟಗಾಗಿತ್ತು. ಎಡಗೈ, ಎಡಗಾಲು ಎರಡೂ ಎತ್ತೋಕಾಗ್ತಿರಲಿಲ್ಲ.

ಮಿದುಳಿನ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿ ಆಗೋ ಸ್ಟ್ರೋಕ್‌ಗೆ ಆ ಗೆಡ್ಡೆ ಕರಗಿಸೋ ಇಂಜೆಕ್ಷನ್ ಇದೆ. ಅದನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ನಾನು ‘ಮಲಕ್ಕೊ’ ಅಂದ ಆ ರಾತ್ರಿಯಲ್ಲಿ ಎಷ್ಟು ನಿಮಿಷ ಇತ್ತು ಅಂತ ಈಗಲೂ ಒಂದೊಂದ್ಸಲ ಲೆಕ್ಕ ಹಾಕ್ತೀನಿ. ಇದೇ ವಿದ್ಯೆ ಓದಿದವಳು ನಾನು.

ಅದನ್ನ ಅಲ್ಲಿಗೇ ಬಿಡ್ತೀನಿ. ಈಗ ಕಾಲಿನ ವಿಷಯಕ್ಕೆ ಬರೋಣ.

ಚಪ್ಪಲಿ ನಿಲ್ಲದ ಕಾಲು

ಮೂರು ತಿಂಗಳಲ್ಲಿ ಅಪ್ಪ ಎದ್ದು ನಿಂತ್ರು. ಕೋಲು ಹಿಡ್ಕೊಂಡು ನಡೆಯೋಕೂ ಶುರು ಮಾಡಿದ್ರು. ಆದ್ರೆ ಎಡಗಾಲು ಮುಂದಿಡುವಾಗ ಪಾದ ಮಾತ್ರ ಕೆಳಕ್ಕೆ ಜೋತುಬೀಳ್ತಿತ್ತು. ಹೆಬ್ಬೆರಳು ನೆಲಕ್ಕೆ ಉಜ್ಜೋದು. ಅದನ್ನ ತಪ್ಪಿಸೋಕೆ ಅವರು ಸೊಂಟ ಎತ್ತಿ, ಕಾಲನ್ನ ಪಕ್ಕದಿಂದ ಅರ್ಧ ಸುತ್ತು ಬಳಸಿ ಹಾಕೋರು, ಕುಡುಗೋಲು ಬೀಸಿದ ಹಾಗೆ. ಇದಕ್ಕೆ ಫುಟ್ ಡ್ರಾಪ್ ಅಂತಾರೆ. ಕನ್ನಡದಲ್ಲಿ ‘ಜೋಲುಪಾದ’ ಅನ್ನಬಹುದು.

ಹವಾಯಿ ಚಪ್ಪಲಿಯಂತೂ ನಿಲ್ತಾನೇ ಇರಲಿಲ್ಲ. ಎರಡು ಹೆಜ್ಜೆಗೆ ಒಂದ್ಸಲ ಜಾರಿ ಹಿಂದೆ ಉಳ್ಕೊಳ್ಳೋದು. ಅವ್ವ ಹಿಂದೆ ಹಿಂದೆ ಹೋಗಿ ಚಪ್ಪಲಿ ಎತ್ತಿ ಕೊಡೋಳು. ಒಂದಿನ ಹೊಸಿಲಿಗೆ ಪಾದ ತಗುಲಿ ಬಿದ್ದು ಹಣೆ ಒಡ್ಕೊಂಡ್ರು. ಆಮೇಲೆ ಆಚೆ ಹೋಗೋದನ್ನೇ ಬಿಟ್ಟುಬಿಟ್ರು. “ಈ ಕಾಲು ನಂದಲ್ಲ ಕಣವ್ವಾ, ಇನ್ಯಾರ್ದೋ ಕಾಲ್ನ ಎಳ್ಕೊಂಡು ಓಡಾಡ್ದಂಗಾಯ್ತದೆ” ಅನ್ನೋರು. ಗದ್ದೆ ಇರೋದು ಮನೆಯಿಂದ ಮುನ್ನೂರು ಮೀಟರ್ ದೂರದಲ್ಲಿ. ಏಳು ತಿಂಗಳು ಅವರು ಅದನ್ನ ನೋಡಲಿಲ್ಲ.

ಪಾದ ಯಾಕೆ ಏಳಲ್ಲ? ನಿಮ್ಮ ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ ಕೈ ಇಟ್ಟು ನೋಡಿ. ಮೂಳೆಯ ಒಂದು ಗಂಟು ಸಿಗುತ್ತೆ. ಅದನ್ನ ಬಳಸಿಕೊಂಡು ಒಂದು ನರ ಹೋಗುತ್ತೆ, ಪೆರೋನಿಯಲ್ ನರ ಅಂತ ಅದರ ಹೆಸರು. ಕಾಲ ಮೇಲೆ ಕಾಲು ಹಾಕ್ಕೊಂಡು ತುಂಬ ಹೊತ್ತು ಕೂತ್ರೆ ಪಾದ ಜೋಮು ಹಿಡಿಯೋದು ಈ ನರ ಒತ್ತಿಕೊಂಡಾಗಲೇ. ಪಾದವನ್ನ ಮೇಲಕ್ಕೆತ್ತೋ ಸ್ನಾಯುಗಳಿಗೆ, ಅಂದ್ರೆ ಕಣಕಾಲಿನ ಮುಂಭಾಗದ ಸ್ನಾಯುಗಳಿಗೆ, ಅಪ್ಪಣೆ ತಲುಪೋದು ಇದರ ಮೂಲಕ. ಸ್ಟ್ರೋಕ್ ಆದವರಲ್ಲಿ ಈ ನರ ಚೆನ್ನಾಗೇ ಇರುತ್ತೆ, ಸ್ನಾಯುವೂ ಇರುತ್ತೆ. ಕೆಟ್ಟಿರೋದು ಮೇಲೆ, ಮಿದುಳಿನಲ್ಲಿ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಆದ್ರೆ ಮನೆಯ ವೈರಿಂಗ್ ಸರಿಯಾಗಿದೆ, ಬಲ್ಬೂ ಸರಿಯಾಗಿದೆ ಅಂದ್ಕೊಳ್ಳಿ. ಹಾಗಾದ್ರೆ ಮನೆಯ ವೈರಿಗೇ ಒಂದು ಚಿಕ್ಕ ಬ್ಯಾಟರಿ ಕೊಟ್ಟು ಬಲ್ಬ್ ಹತ್ತಿಸಬಹುದಲ್ವಾ?

ಈ ಮೆಷಿನ್ ಮಾಡೋದು ಅದನ್ನೇ. ಇದಕ್ಕೆ ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್ ಅಂತ ಹೆಸರು, ಚಿಕ್ಕದಾಗಿ ಎಫ್‌ಇಎಸ್.

ತ್ರೀ ಫೇಸಾ, ಸಿಂಗಲ್ ಫೇಸಾ?

ಅಪ್ಪನಿಗೆ ಇದನ್ನ ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: “ಕಾಲಿಗೆ ಕರೆಂಟ್ ಕೊಡ್ತರಾ? ತ್ರೀ ಫೇಸಾ, ಸಿಂಗಲ್ ಫೇಸಾ? ಪಂಪ್‌ಸೆಟ್ಗೇ ನೆಟ್ಟಗೆ ಕೊಡಕಿಲ್ಲ, ನನ್ ಕಾಲಿಗೆ ಕೊಟ್ಟರಾ?”

ನಕ್ಕುಬಿಟ್ಟೆ. ಆದ್ರೆ ಹೆದರಿಕೆ ನಿಜ. ನಮ್ಮ ಜನ ಕ್ಲಿನಿಕ್‌ನಲ್ಲಿ ನೋವಿಗೆ ಕೊಡೋದನ್ನೆಲ್ಲ ‘ಕರೆಂಟ್ ಕೊಡೋದು’ ಅಂತಲೇ ಕರೀತಾರೆ. ಎಫ್‌ಇಎಸ್‌ನಲ್ಲಿ ಗೋಡೆಯ ಪ್ಲಗ್ಗಿನ ಕರೆಂಟ್ ಮೈಗೆ ಬರೋದೇ ಇಲ್ಲ. 9 ವೋಲ್ಟ್‌ನ ಒಂದು ಚಿಕ್ಕ ಬ್ಯಾಟರಿಯಲ್ಲೇ ನಡೆಯೋ ಸಾಧನಗಳಿವೆ. ಅಂಟಿಸೋ ಪ್ಯಾಡ್ ಎರಡು. ಒಂದನ್ನ ನಾನು ಹೇಳಿದ ಆ ಮೂಳೆಯ ಗಂಟಿನ ಹತ್ತಿರ, ಇನ್ನೊಂದನ್ನ ಕಣಕಾಲಿನ ಮುಂಭಾಗದ ಸ್ನಾಯುವಿನ ಮೇಲೆ ಇಡ್ತಾರೆ. ಸೆಕೆಂಡಿಗೆ ಸುಮಾರು 40 ಸಲ, ಒಂದೊಂದೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನ ಮಿಡಿತ. ಮೊದಮೊದಲು ಇರುವೆ ಹರಿದ ಹಾಗೆ ಜುಮ್ಮೆನ್ನುತ್ತೆ. ಆಮೇಲೆ ಪಾದ ತಾನಾಗಿ ಮೇಲಕ್ಕೇಳುತ್ತೆ.

ಪಾದ ಏಳೋದೊಂದೇ ಸಾಲದು, ಸರಿಯಾದ ಹೊತ್ತಿಗೆ ಏಳ್ಬೇಕು. ಹಿಮ್ಮಡಿ ನೆಲ ಬಿಟ್ಟ ತಕ್ಷಣ ಕರೆಂಟ್ ಶುರುವಾಗ್ಬೇಕು, ಹಿಮ್ಮಡಿ ಮತ್ತೆ ನೆಲ ಮುಟ್ಟಿದ ಮೇಲೆ ಮೆಲ್ಲಗೆ ನಿಲ್ಲಬೇಕು. ಇದಕ್ಕೆ ಎರಡು ದಾರಿ. ಶೂ ಒಳಗೆ ಹಿಮ್ಮಡಿ ಕೆಳಗೆ ಒಂದು ಸ್ವಿಚ್ ಇಡೋದು ಹಳೇ ದಾರಿ. ಮಂಡಿ ಕೆಳಗೆ ಕಟ್ಟೋ ಪಟ್ಟಿಯಲ್ಲೇ ಓಲುವಿಕೆ ಗುರುತಿಸೋ ಸೆನ್ಸರ್ ಇಡೋದು ಹೊಸ ದಾರಿ. ನೀವು ಫೋನ್ ಅಡ್ಡ ಹಿಡಿದ್ರೆ ಸ್ಕ್ರೀನ್ ತಿರುಗುತ್ತಲ್ಲ, ನಿಮ್ಮ ಹೆಜ್ಜೆ ಎಣಿಸುತ್ತಲ್ಲ, ಅದೇ ಜಾತಿಯ ಸೆನ್ಸರ್. ನಮ್ಮ ಕಡೆ ಇದು ದೊಡ್ಡ ಅನುಕೂಲ. ನಾವು ಮನೆಯೊಳಗೆ ಬರಿಗಾಲಲ್ಲೇ ಓಡಾಡೋರು, ಇಪ್ಪತ್ನಾಲ್ಕು ಗಂಟೆ ಯಾರು ಶೂ ಹಾಕ್ಕೊಂಡಿರ್ತಾರೆ?

ಈ ಉಪಾಯ ಹೊಸದೇನಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿಗೂ ಕರೆಂಟಿಗೂ ಹಳೇ ನಂಟು. ನಾವು ‘ಬ್ಲಫ್’ ಅಂತ ಕರೆಯೋ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆದ್ರೆ ಕರೆಂಟಿಗೂ ಸ್ನಾಯುವಿಗೂ ಇರೋ ನಂಟು ಅದಕ್ಕಿಂತ ಹಳೇದು. ಇಟಲಿಯ ಗಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಒದರೋದನ್ನ ಕಂಡು 1791ರಲ್ಲಿ ಬರೆದ. 1961ರಲ್ಲಿ ಅಮೆರಿಕದ ಲಿಬರ್ಸನ್ ಅನ್ನೋ ವೈದ್ಯರು ಮತ್ತವರ ಸಂಗಡಿಗರು ಪಾರ್ಶ್ವವಾಯು ಆದವರ ಶೂ ಒಳಗೆ ಸ್ವಿಚ್ ಇಟ್ಟು, ಇದೇ ಪೆರೋನಿಯಲ್ ನರಕ್ಕೆ ಕರೆಂಟ್ ಕೊಟ್ಟು ನಡೆಸಿದ್ರು. ಆಗಲೇ ಅವರು ಇನ್ನೊಂದನ್ನೂ ಗಮನಿಸಿದ್ರು. ಕೆಲವರು ಮೆಷಿನ್ ತೆಗೆದ ಮೇಲೂ ಸ್ವಲ್ಪ ಹೊತ್ತು ತಾವಾಗೇ ಪಾದ ಎತ್ತುತ್ತಿದ್ರು. ಮಿದುಳು ಆ ಪಾಠವನ್ನ ಸ್ವಲ್ಪ ನೆನಪಿಟ್ಟುಕೊಳ್ತಿತ್ತು.

ರಂಗೋಲಿ ಪುಡಿಯ ಎರಡು ಗೆರೆ

ಮಳವಳ್ಳಿಗೆ ರೈಲಿಲ್ಲ. ಅಪ್ಪನನ್ನ ಕಾರಲ್ಲಿ ಮದ್ದೂರಿಗೆ ಕರ್ಕೊಂಡು ಬಂದು, ಅಲ್ಲಿಂದ ರೈಲು ಹತ್ತಿಸಿ ಬೆಂಗಳೂರಿನ ಒಂದು ರಿಹ್ಯಾಬ್ ಸೆಂಟರ್‌ಗೆ ಕರ್ಕೊಂಡು ಹೋದೆ. ಅಲ್ಲಿ ವಿದೇಶದ ಒಂದು ಮೆಷಿನ್ ಇತ್ತು, ಪರೀಕ್ಷೆಗೆ ಕಟ್ಟಿ ನೋಡಿದ್ರು.

ನಡಿಗೆ ಅಳೆಯೋಕೆ ನಾವು ಒಂದು ಸುಲಭದ ಪರೀಕ್ಷೆ ಮಾಡ್ತೀವಿ, ಹತ್ತು ಮೀಟರ್ ನಡಿಗೆ. ಹತ್ತು ಮೀಟರ್‌ಗೆ 25 ಸೆಕೆಂಡಿಗಿಂತ ಹೆಚ್ಚು ಹಿಡಿದ್ರೆ ಆ ಮನುಷ್ಯನ ಓಡಾಟ ಮನೆಯೊಳಗಷ್ಟೇ. ಹನ್ನೆರಡೂವರೆ ಸೆಕೆಂಡಿಗಿಂತ ಕಡಿಮೆ ಹಿಡಿದ್ರೆ ಊರಲ್ಲಿ ಆರಾಮಾಗಿ ತಿರುಗಾಡಬಹುದು. ನಡುವೆ ಇರೋರು ಹತ್ತಿರದ ಅಂಗಡಿಗೆ ಹೋಗಿ ಬರಬಹುದು. ಸ್ಥೂಲವಾಗಿ ಇದು ಲೆಕ್ಕ. ಅಪ್ಪನಿಗೆ ಬರೀ ಕೋಲಲ್ಲಿ 32 ಸೆಕೆಂಡ್. ಮೆಷಿನ್ ಕಟ್ಟಿದ ಮೇಲೆ 27. ಐದೇ ಸೆಕೆಂಡಿನ ವ್ಯತ್ಯಾಸ. ಆದ್ರೆ ನನ್ನ ಕಣ್ಣು ಸ್ಟಾಪ್‌ವಾಚ್ ಮೇಲಿರಲಿಲ್ಲ. ಹಿಮ್ಮಡಿ ಮೊದಲು ನೆಲ ಮುಟ್ತಿತ್ತು. ಹೆಬ್ಬೆರಳು ಉಜ್ಜೋ ಸದ್ದು ನಿಂತಿತ್ತು. ಅಪ್ಪ ಕೆಳಗೆ ನೋಡೋದು ಬಿಟ್ಟು ಎದುರಿಗಿನ ಗೋಡೆ ನೋಡ್ಕೊಂಡು ನಡೆದ್ರು.

ಆಮೇಲೆ ಬೆಲೆ ಕೇಳಿದ್ವಿ. ಇಂಥ ಪಟ್ಟಿಗಳು ಅಮೆರಿಕದಲ್ಲೇ ಸಾವಿರಾರು ಡಾಲರ್ ಆಗುತ್ತವೆ. ನಮ್ಮ ಲೆಕ್ಕದಲ್ಲಿ ಲಕ್ಷಗಳು. ಅಪ್ಪ ಸುಮ್ನೆ ಕೂತಿದ್ದು, “ಆ ದುಡ್ಗೆ ನಾಕು ಹಸ ಬತ್ತವಲ್ಲವ್ವಾ” ಅಂದ್ರು. ಮಗಳು ಸಾಲ ಮಾಡಿಬಿಡ್ತಾಳೆ ಅನ್ನೋ ಹೆದರಿಕೆ ಅವರಿಗೆ. ನಿಜ ಹೇಳ್ಬೇಕಂದ್ರೆ ನಾನು ಮಾಡೋಕೂ ಸಿದ್ಧವಾಗಿದ್ದೆ. ಆ ರಾತ್ರಿಯ ‘ಮಲಕ್ಕೊ’ ಅನ್ನೋ ಮಾತಿಗೆ ದಂಡ ಕಟ್ಟಿದ ಹಾಗಾಗ್ತಿತ್ತಲ್ಲ.

ನನ್ನನ್ನ ತಡೆದದ್ದು ನಾನೇ ಓದಿದ ಸಂಶೋಧನೆ. ಇಂಗ್ಲೆಂಡಿನಲ್ಲಿ 1997ರಲ್ಲಿ 32 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಮೆಷಿನ್ ಬಳಸಿದವರ ನಡಿಗೆಯ ವೇಗ ಸರಾಸರಿ 20.5% ಹೆಚ್ಚಿತ್ತು. 2009ರಲ್ಲಿ ಅಲ್ಲಿನ ನೈಸ್ ಸಂಸ್ಥೆ, ಅಂದ್ರೆ ಯಾವ ಚಿಕಿತ್ಸೆ ಬಳಸಬಹುದು ಅಂತ ಮಾರ್ಗಸೂಚಿ ಕೊಡೋ ಸಂಸ್ಥೆ, ಜೋಲುಪಾದಕ್ಕೆ ಇದನ್ನ ಬಳಸಬಹುದು ಅಂತ ಒಪ್ಪಿತು. ನಮ್ಮ ದೇಶದಲ್ಲೂ ಐಐಟಿ ಖರಗ್‌ಪುರದ ಸಂಶೋಧಕರು ವ್ಯಾಯಾಮದ ಜೊತೆ ಎಫ್‌ಇಎಸ್ ಕೊಟ್ಟು ನೋಡಿ, ಕಾಲಿನ ಬಲ ಮತ್ತು ಚಲನೆ ಚೆನ್ನಾಗಿ ಸುಧಾರಿಸಿದ್ದನ್ನ ವರದಿ ಮಾಡಿದ್ದಾರೆ.

ಆದ್ರೆ ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. 197 ಜನ, 30 ವಾರ. ಅರ್ಧ ಜನಕ್ಕೆ ಈ ಮೆಷಿನ್, ಇನ್ನರ್ಧ ಜನಕ್ಕೆ ಎಎಫ್‌ಒ, ಅಂದ್ರೆ ಪಾದ ಜೋತುಬೀಳದ ಹಾಗೆ ಹಿಡಿದಿಡೋ ಮಾಮೂಲಿ ಪ್ಲಾಸ್ಟಿಕ್ ಸ್ಪ್ಲಿಂಟ್. ಕೊನೆಗೆ ಎರಡೂ ಗುಂಪಿನವರ ನಡಿಗೆ ಸುಧಾರಿಸಿತ್ತು, ವೇಗದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಮೆಷಿನ್ ಹಾಕಿದವರಿಗೆ ಮಾತ್ರ ತೃಪ್ತಿ ಜಾಸ್ತಿ ಇತ್ತು. 2014ರಲ್ಲಿ 495 ಜನರ ಅಧ್ಯಯನವೂ ಹೆಚ್ಚುಕಮ್ಮಿ ಇದನ್ನೇ ಹೇಳಿತು.

ಅಂದ್ರೆ ಲಕ್ಷಗಟ್ಟಲೆ ದುಡ್ಡಿನ ಮೆಷಿನ್ ಕೊಡಿಸೋಕಾಗದ ಮಗ, ಮಗಳು ತಪ್ಪಿತಸ್ಥರಾಗಬೇಕಿಲ್ಲ. ಇದನ್ನ ನಾನು ನನಗೇ ಹೇಳ್ಕೊಳ್ಳೋಕೆ ಒಂದು ವಾರ ಬೇಕಾಯ್ತು. ಎಎಫ್‌ಒ ಅಳತೆ ಕೊಟ್ಟು ಮಾಡಿಸಿದ್ವಿ, ಬೆಲೆ ಸಾವಿರಗಳಲ್ಲಿ ಮುಗೀತು. ಅದನ್ನ ಹಾಕ್ಕೊಂಡ್ರೆ 28 ಸೆಕೆಂಡ್.

ಅವ್ವನೇ ಸೆನ್ಸರ್

ಆದ್ರೂ ಕರೆಂಟಿನ ಪಾಠವನ್ನ ಬಿಡೋಕೆ ಮನಸ್ಸಾಗಲಿಲ್ಲ. ಸ್ಪ್ಲಿಂಟ್ ಪಾದವನ್ನ ಹಿಡಿದಿಡುತ್ತೆ, ಆದ್ರೆ ಸ್ನಾಯುವಿಗೆ ಕೆಲಸ ಕೊಡಲ್ಲ. ನನ್ನ ಕ್ಲಿನಿಕ್‌ನಲ್ಲಿ ಕೈಯಲ್ಲಿ ಒತ್ತೋ ಬಟನ್ ಇರೋ ಒಂದು ಸಾದಾ ಸ್ಟಿಮ್ಯುಲೇಟರ್ ಇತ್ತು. ಬಟನ್ ಒತ್ತಿದ್ರೆ ಕರೆಂಟ್, ಬಿಟ್ರೆ ಇಲ್ಲ. ಇದರಲ್ಲಿ ಯಾವ ಸೆನ್ಸರೂ ಇಲ್ಲ. ಪ್ರತಿ ಹೆಜ್ಜೆಗೂ ಇನ್ನೊಬ್ಬರು ಹಿಂದೆ ನಡೀತಾ, ಹಿಮ್ಮಡಿ ಏಳೋದನ್ನ ನೋಡಿ ಒತ್ತಬೇಕು.

ನನಗೆ ದಿನಾ ಊರಿಗೆ ಹೋಗೋಕಾಗಲ್ಲ. ತಮ್ಮನಿಗೆ ಕಲಿಸಿದೆ. ಅವನ ಕೈ ಒಂದೋ ಬೇಗ, ಇಲ್ಲಾಂದ್ರೆ ತಡ. ಪಾದ ನೆಲದ ಮೇಲಿದ್ದಾಗಲೇ ಕರೆಂಟ್ ಬಂದು ಅಪ್ಪ ತೂರಾಡೋರು. ಎರಡನೇ ದಿನ ಅವ್ವ ಬಂದು “ತಾ ಇಲ್ಲಿ” ಅಂತ ಅವನ ಕೈಯಿಂದ ಬಟನ್ ಇಸ್ಕೊಂಡ್ಲು. ಮೊದಲ ಹತ್ತು ಹೆಜ್ಜೆ ತಪ್ಪಿತು. ಹನ್ನೊಂದನೇದು ಸರಿಯಾಯ್ತು. ಆಮೇಲೆ ತಪ್ಪಲೇ ಇಲ್ಲ. ಮೂವತ್ತೈದು ವರ್ಷ ಅಪ್ಪನ ಹಿಂದೆ ಗದ್ದೆ ಬದುವಿನ ಮೇಲೆ ನಡೆದವಳು ಅವಳು. ಅವರು ಯಾವಾಗ ಕಾಲು ಎತ್ತುತ್ತಾರೆ ಅಂತ ಅವಳಿಗೆ ಯಾರು ಹೇಳಿಕೊಡಬೇಕು?

ಮನೆ ಮುಂದೆ ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದ್ವಿ, ನಡುವೆ ಹತ್ತು ಮೀಟರ್. ವಾರಕ್ಕೆ ಐದು ದಿನ, ಅರ್ಧ ಗಂಟೆ. ನಡುನಡುವೆ ವಿಶ್ರಾಂತಿ. ಜೊತೆಗೆ ಎದ್ದು ಕೂರೋ ವ್ಯಾಯಾಮ, ಮೀನಖಂಡ ಬಿಗಿಯದ ಹಾಗೆ ಹಿಗ್ಗಿಸೋದು. ಪ್ರತಿ ಭಾನುವಾರ ತಮ್ಮ ಫೋನ್‌ನಲ್ಲಿ ವಿಡಿಯೊ, ಸೆಕೆಂಡ್ ಎರಡೂ ಕಳಿಸೋನು. ಮೊದಲು ಬೀದಿಯ ಹುಡುಗ್ರು ನಿಂತು ನೋಡೋರು. ಆಮೇಲೆ ಅವರೇ ಸೆಕೆಂಡ್ ಎಣಿಸೋಕೆ ಶುರು ಮಾಡಿದ್ರು.

ನಾಲ್ಕು ತಿಂಗಳಿಗೆ, ಮೆಷಿನ್ ಇಲ್ಲದೆ ಸ್ಪ್ಲಿಂಟ್ ಹಾಕಿ, 20 ಸೆಕೆಂಡ್. ಅಪ್ಪ ಪೂರ್ತಿ ವಾಸಿಯಾದ್ರು ಅಂತ ನಾನು ಹೇಳಲ್ಲ. ಕೈ ಇನ್ನೂ ಅಷ್ಟಕ್ಕಷ್ಟೇ. ಇದರಲ್ಲಿ ಎಷ್ಟು ಕರೆಂಟಿನಿಂದ, ಎಷ್ಟು ವ್ಯಾಯಾಮದಿಂದ ಅಂತ ಬಿಡಿಸಿ ಹೇಳೋಕೂ ಆಗಲ್ಲ. ಆದ್ರೆ ಒಂದು ಸಂಜೆ ಅವ್ವನಿಂದ ಫೋನ್ ಬಂತು. “ನಿಮ್ಮಪ್ಪ ಗದ್ದೆತಾವ್ ಹೋಗವ್ರೆ ಕಣೆ, ನಾನೂ ಹಿಂದೇನೇ ಇವ್ನಿ” ಅಂದ್ಲು. ಬದುವಿನ ಮೇಲೆ ಇಳಿಯಲಿಲ್ಲವಂತೆ. ಗಾಡಿ ದಾರಿ ಮುಗಿಯೋ ಕಡೆ ನಿಂತು, ಕೂಳೆ ಕಬ್ಬು ನೋಡಿ, ನೀರು ಸರಿಯಾಗಿ ಕಟ್ಟಿಲ್ಲ ಅಂತ ತಮ್ಮನಿಗೆ ಬೈದು ವಾಪಸ್ ಬಂದ್ರಂತೆ.

ನಿಮಗೆ ನಾಲ್ಕು ಮಾತು

ಕೇಳ್ತಾ ಇರೋ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ತಾತನೋ, ಅಜ್ಜಿಯೋ, ದೊಡ್ಡಪ್ಪನೋ ಹೀಗೆ ಇರ್ತಾರೆ. ಮನೆಯಲ್ಲಿ ಫೋನ್ ಚೆನ್ನಾಗಿ ಬಳಸೋಕೆ ಬರೋದು ನಿಮಗೆ. ಹಾಗಾಗಿ ನಿಮಗೇ ಹೇಳ್ತೀನಿ.

ಮೊದಲನೇದು, ರೀಲ್ಸ್ ನೋಡಿ ಮೆಷಿನ್ ತರಿಸಬೇಡಿ. ನನ್ನ ತಮ್ಮನೂ ಒಂದು ತರಿಸಿದ್ದ. ಪಾದ ಇಟ್ಟರೆ ನಡುಗಿಸೋ ಮ್ಯಾಟ್, ‘ಲಕ್ವಕ್ಕೆ ರಾಮಬಾಣ’ ಅಂತ ಜಾಹೀರಾತು. ಅಂಥ ಮ್ಯಾಟ್ ಅಂಗಾಲಿನಿಂದ ಕರೆಂಟ್ ಕೊಟ್ಟು ಮೀನಖಂಡವನ್ನ ಕುಣಿಸುತ್ತೆ. ಆ ಸ್ನಾಯು ಪಾದವನ್ನ ಕೆಳಕ್ಕೆ ಒತ್ತೋದು. ನಮಗೆ ಬೇಕಿರೋದು ಮೇಲಕ್ಕೆತ್ತೋ ಸ್ನಾಯು. ಹೆಜ್ಜೆಯ ಲಯವಂತೂ ಅದಕ್ಕೆ ಗೊತ್ತೇ ಇಲ್ಲ.

ಎರಡನೇದು, ಇದು ಎಲ್ಲರಿಗೂ ಆಗಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರೋರು, ಹತೋಟಿಗೆ ಬರದ ಫಿಟ್ಸ್ ಇರೋರು, ಗರ್ಭಿಣಿಯರು, ಪ್ಯಾಡ್ ಅಂಟಿಸೋ ಜಾಗದಲ್ಲಿ ಗಾಯ ಇರೋರು, ಕಾಲಿನ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿರೋರು ವೈದ್ಯರನ್ನ ಕೇಳದೆ ಮುಟ್ಟಲೇಬಾರದು. ಕುಷ್ಠರೋಗದಿಂದಲೋ, ಏಟು ಬಿದ್ದೋ ಕಾಲಿನ ನರವೇ ಹಾಳಾಗಿ ಪಾದ ಜೋತಿದ್ರೆ ಈ ವಿಧಾನ ಕೆಲಸ ಮಾಡಲ್ಲ. ವೈರೇ ಹೋದ ಮೇಲೆ ಬ್ಯಾಟರಿ ಕೊಟ್ಟು ಏನು ಪ್ರಯೋಜನ? ನಾನು ಮನೆಯಲ್ಲಿ ಮಾಡಿಸಿದ್ದೂ ಮೊದಲು ಪರೀಕ್ಷೆ ಮಾಡಿ, ಪ್ಯಾಡ್ ಇಡೋ ಜಾಗ ಗುರುತು ಹಾಕಿ, ಕರೆಂಟಿನ ಮಟ್ಟ ನಾನೇ ಗೊತ್ತುಮಾಡಿದ ಮೇಲೆ.

ಮೂರನೇದು, ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸ. ಹತ್ತು ಮೀಟರ್ ಅಳೆದು, ಜೊತೆಗೊಬ್ಬರು ಇದ್ದು, ಅವರನ್ನ ನಡೆಸಿ, ಫೋನ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿ. ಅದನ್ನ ತಗೊಂಡು ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗಕ್ಕೆ ಹೋಗಿ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರೋದನ್ನ ಕೊಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡೋ ವಿಆರ್‌ಡಬ್ಲ್ಯೂ ಇರ್ತಾರೆ, ಅವರನ್ನ ಕೇಳಿ. ವೈಕಲ್ಯ ಶೇ 40 ಅಥವಾ ಹೆಚ್ಚು ಅಂತ ವೈದ್ಯರು ಪ್ರಮಾಣಪತ್ರ ಕೊಟ್ರೆ ಯುಡಿಐಡಿ ಕಾರ್ಡ್ ಮಾಡಿಸಿ, ಸಾಧನ ಸಲಕರಣೆಗಳ ಸರ್ಕಾರಿ ಯೋಜನೆಗಳಿಗೆ ಅರ್ಜಿ ಹಾಕಬಹುದು.

ನಾಲ್ಕನೇದು, ನಾನು ಆ ರಾತ್ರಿ ಮಾಡದೇ ಇದ್ದದ್ದು. ಬಾಯಿ ಒಂದು ಕಡೆ ಸೊಟ್ಟಗಾದ್ರೆ, ಎರಡೂ ಕೈ ಎತ್ತಿದಾಗ ಒಂದು ಕೆಳಕ್ಕೆ ಜಾರಿದ್ರೆ, ಮಾತು ತೊದಲಿದ್ರೆ, ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾದ್ರೆ, ತೂರಾಡಿದ್ರೆ, ಒಂದು ಕೈ ಇಲ್ಲಾ ಕಾಲಿನ ಬಲ ಹೋದ್ರೆ, ಗಡಿಯಾರ ನೋಡಿ. 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ನೇರ ಹೋಗಿ. ಎಣ್ಣೆ ತಿಕ್ಕೋದು, ಪಾರಿವಾಳದ ರಕ್ತ ಹಚ್ಚೋದು ಅಂತ ಒಂದು ಗಂಟೆ ಕೂಡ ಕಳೀಬೇಡಿ. ಮುಖ್ಯವಾಗಿ, ಯಾರಾದ್ರೂ ರಾತ್ರಿ ಫೋನ್ ಮಾಡಿ “ಕೈ ಜೋಮು ಹಿಡ್ದಂಗದೆ” ಅಂದ್ರೆ, ಬೆಳಿಗ್ಗೆ ನೋಡೋಣ ಅನ್ನಬೇಡಿ.

ಮೊನ್ನೆ ಅಪ್ಪನ ಹತ್ರ ಆ ರಾತ್ರಿಯ ಮಾತು ಎತ್ತಿದೆ. ತಪ್ಪಾಯ್ತು ಅಂತ ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ಅವರು ನನ್ನ ಮಾತು ಮುಗಿಸೋಕೆ ಬಿಡಲಿಲ್ಲ. “ಅದಿರ್ಲಿ ಬುಡವ್ವಾ, ಮುಂದಿನ ವಾರ ಬಂದಾಗ ಆ ಸ್ಪ್ಲಿಂಟ್‌ನ ಪಟ್ಟಿ ಕಿತ್ತೋಗದೆ, ಒಂದು ಹೊಸಾದು ತಕಬಾ” ಅಂದ್ರು.

ಪಟ್ಟಿ ಸವೆದುಹೋಗುವಷ್ಟು ನಡೆದಿದ್ದಾರೆ. ನಾಳೆ ಹೊಸಾದು ತಗೊಂಡು ಹೋಗ್ತಿದ್ದೀನಿ.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಇದು ಬೇಕು ಅನ್ನಿಸಿದ್ರೆ ಲಿಂಕ್ ಕಳಿಸಿ. ಕಳಿಸೋಕಿಂತ ಹೆಚ್ಚಾಗಿ, ಅವರ ಪಕ್ಕ ಕೂತು ಜೊತೇಲೇ ಕೇಳಿ.